ಬಣ್ಣ ಬದಿಗಿಟ್ಟು ಮುಖ ಬರೆಯೋಣ: ವರ್ಮೀರನ ‘ಮುತ್ತಿನೋಲೆಯ ಹುಡುಗಿ’ಯಿಂದ ಏಕವರ್ಣದ ಪಾಠ

ಮುಖ ಬರೆಯಲು ಹೊರಟವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಮೈಬಣ್ಣದ್ದು. ಯಾವುದಕ್ಕೆ ಯಾವುದನ್ನು ಎಷ್ಟು ಬೆರೆಸಬೇಕು? ಕೇಳಬೇಕಾದ ಪ್ರಶ್ನೆಯೇ, ಆದರೆ ಸ್ವಲ್ಪ ತಡವಾಗಿ ಕೇಳಬೇಕಾದದ್ದು. ಹಳೆಯ ಕಪ್ಪು-ಬಿಳುಪು ಸಿನಿಮಾ ನೋಡುವಾಗ ನಟರ ಮುಖದಲ್ಲಿ ಏನೋ ಕಡಿಮೆ ಇದೆ ಅಂತ ಅನ್ನಿಸುವುದಿಲ್ಲ ಅಲ್ವಾ? ಮೂಗು ಎದ್ದು ಕಾಣುತ್ತದೆ, ಕೆನ್ನೆ ದುಂಡಗಿರುತ್ತದೆ, ಕಣ್ಣಲ್ಲಿ ಜೀವ ಇರುತ್ತದೆ. ಇದನ್ನೆಲ್ಲ ಮಾಡುವುದು ಬೆಳಕು-ನೆರಳಿನ ಅಳತೆ. ಆ ಅಳತೆ ಕೈಗೆ ಹತ್ತಿದ ಮೇಲೆ ಬಣ್ಣದ ಲೆಕ್ಕ ಸುಲಭ. ಹತ್ತದಿದ್ದರೆ ಎಷ್ಟು ದುಬಾರಿ ಟ್ಯೂಬ್ ತಂದರೂ ಮುಖ ಚಪ್ಪಟೆಯೇ.

ಈ ಅಳತೆ ಕಲಿಯಲು ನನಗೆ ಗೊತ್ತಿರುವ ಒಳ್ಳೆಯ ದಾರಿ ಎಂದರೆ, ದೊಡ್ಡ ಕಲಾವಿದನ ಒಂದೇ ಒಂದು ಮುಖವನ್ನು ಎದುರಿಗಿಟ್ಟುಕೊಂಡು ಒಂದೇ ಬಣ್ಣದಲ್ಲಿ ಬರೆಯುವುದು. ಇಲ್ಲಿ ಆರಿಸಿಕೊಂಡಿರುವುದು ಯೊಹಾನೆಸ್ ವರ್ಮೀರನ ‘ಮುತ್ತಿನೋಲೆಯ ಹುಡುಗಿ’. ಎಣ್ಣೆಬಣ್ಣದ ಕ್ರಮ ಹೇಳುತ್ತೇನೆ. ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣ ಬಳಸುವವರು ಎಲ್ಲಿ ಬದಲಿಸಿಕೊಳ್ಳಬೇಕು ಎನ್ನುವುದನ್ನೂ ನಡುವೆ ಸೇರಿಸುತ್ತೇನೆ.

ಈ ಚಿತ್ರವೇ ಯಾಕೆ

ವರ್ಮೀರ್ ನೆದರ್ಲೆಂಡ್ಸಿನ ಡೆಲ್ಫ್ಟ್ ಊರಿನವನು. ಬದುಕಿದ್ದು 1632ರಿಂದ 1675ರವರೆಗೆ. ಈ ಚಿತ್ರ ಬರೆದದ್ದು ಸುಮಾರು 1665ರಲ್ಲಿ. ಈಗ ದಿ ಹೇಗ್ ನಗರದ ಮೌರಿಟ್ಸ್‌ಹೌಸ್ ಮ್ಯೂಸಿಯಂನಲ್ಲಿದೆ. 1881ರಲ್ಲಿ ಅದೇ ಊರಿನ ಹರಾಜಿನಲ್ಲಿ ಇದು ಆಗಿನ ಡಚ್ ಹಣದಲ್ಲಿ 2 ಗಿಲ್ಡರ್ ಚಿಲ್ಲರೆಗೆ ಹೋಗಿತ್ತು. ಅಷ್ಟು ಹಾಳಾಗಿತ್ತು ಆಗ. ಹೆಸರುಳ್ಳ ಒಬ್ಬರ ಭಾವಚಿತ್ರವೂ ಇದಲ್ಲ. ಆ ಕಾಲದ ಡಚ್ ಕಲಾವಿದರು ವೇಷ, ಮುಖಭಾವ, ಬೆಳಕು ಇವುಗಳಿಗಾಗಿಯೇ ಬರೆಯುತ್ತಿದ್ದ ಮುಖಗಳ ಸಾಲಿಗೆ ಸೇರಿದ್ದು.

2018ರಲ್ಲಿ ಮ್ಯೂಸಿಯಂನವರು ಈ ಚಿತ್ರವನ್ನು ಗಾಜಿನ ಕೋಣೆಯಲ್ಲಿಟ್ಟು, ನೋಡಲು ಬಂದವರ ಎದುರಿಗೇ ವೈಜ್ಞಾನಿಕ ಪರೀಕ್ಷೆಗೆ ಒಳಪಡಿಸಿದರು. ಫಲಿತಾಂಶ 2020ರಲ್ಲಿ ಹೊರಬಂತು. ಅದರಲ್ಲಿ ನಮಗೆ ಬೇಕಾದ ಮಾತು ಒಂದಿದೆ. ವರ್ಮೀರ್ ಈ ಚಿತ್ರವನ್ನು ಶುರು ಮಾಡಿದ್ದೇ ಕಂದು ಮತ್ತು ಕಪ್ಪು ಬಣ್ಣಗಳಲ್ಲಿ. ಬೆಳಕು ಎಲ್ಲಿ, ಕತ್ತಲು ಎಲ್ಲಿ ಎಂದು ಅಗಲ ಕುಂಚದಲ್ಲಿ ಮೊದಲು ಗೊತ್ತು ಮಾಡಿಕೊಂಡು, ಆಮೇಲೆ ಅದರ ಮೇಲೆ ನೀಲಿ, ಹಳದಿ, ಮೈಬಣ್ಣ ಏರಿಸಿದ್ದಾನೆ. ಅಂದರೆ ನಾವು ಮಾಡಹೊರಟ ಏಕವರ್ಣದ ಕೆಲಸ ಸುಮ್ನೆ ಮಾಡುವ ಅಭ್ಯಾಸ ಅಲ್ಲ. ಈ ಚಿತ್ರದ ಮೊದಲ ಪದರ ಹೇಗಿದ್ದಿರಬಹುದೋ ಅದರ ಹತ್ತಿರದ ದಾರಿ.

ಇನ್ನೊಂದು ಕಾರಣವೂ ಇದೆ. ಬೆಳಕು ಎಡಗಡೆಯಿಂದ ಮಾತ್ರ ಬರುತ್ತದೆ. ಹಿನ್ನೆಲೆ ಹೆಚ್ಚುಕಡಿಮೆ ಖಾಲಿ. ಆಕಾರಗಳು ದೊಡ್ಡವು ಮತ್ತು ಕಡಿಮೆ. ಕಲಿಯುವವರಿಗೆ ಇದಕ್ಕಿಂತ ಸ್ಪಷ್ಟವಾದ ಮುಖ ಸಿಗುವುದು ಕಷ್ಟ.

ಬೇಕಾದ ಸಾಮಾನು

ಬಣ್ಣ ಮೂರೇ: ಬರ್ನ್ಟ್ ಅಂಬರ್ (ಗಾಢ ಕಂದು), ಐವರಿ ಬ್ಲ್ಯಾಕ್, ಟೈಟಾನಿಯಂ ವೈಟ್. ಕ್ಯಾಮೆಲ್ ಕಂಪನಿಯದಾದರೂ ಸಾಕು. ಬಿಳಿ ಮಾತ್ರ ದೊಡ್ಡ ಟ್ಯೂಬ್ ತಗೊಳ್ಳಿ, ಅದೇ ಮೊದಲು ಖಾಲಿಯಾಗುವುದು. ವರ್ಮೀರ್ ಬಳಸಿದ್ದು ಸೀಸದ ಬಿಳಿ. ಅದು ವಿಷ, ನಮಗೆ ಬೇಡ. ಕಪ್ಪು-ಬಿಳಿ ಎರಡನ್ನೇ ಬೆರೆಸಿದರೆ ಬೂದು ಬಣ್ಣ ನೀಲಿಯ ಕಡೆಗೆ ವಾಲಿ ತಣ್ಣಗೆ ಕಾಣುತ್ತದೆ. ಅಂಬರ್ ಸೇರಿದರೆ ಅದಕ್ಕೆ ಕಾವು ಬರುತ್ತದೆ, ಮುಖಕ್ಕೆ ಒಪ್ಪುತ್ತದೆ. ಅದಕ್ಕೇ ಮೂರನೆಯ ಟ್ಯೂಬ್.

10×12 ಇಂಚಿನ ಕ್ಯಾನ್ವಾಸ್ ಬೋರ್ಡ್ ಒಂದು. ಟರ್ಪೆಂಟೈನ್, ಲಿನ್ಸೀಡ್ ಎಣ್ಣೆ. ಹಂದಿಕೂದಲಿನ ಚಪ್ಪಟೆ ಬ್ರಶ್ 8ನೇ ನಂಬರಿನದು, ತುದಿ ದುಂಡಗಿರುವ ಫಿಲ್ಬರ್ಟ್ 4 ಮತ್ತು 6, ಸಣ್ಣ ಕೆಲಸಕ್ಕೆ 1ನೇ ನಂಬರಿನ ರೌಂಡ್. ಇವುಗಳ ಜೊತೆ ಬಣ್ಣ ತಾಗಿಸದೆ ಒಣದಾಗಿಯೇ ಇಟ್ಟುಕೊಳ್ಳುವ ಒಂದು ಮೆತ್ತನೆಯ ಬ್ರಶ್. ಪ್ಯಾಲೆಟ್ ನೈಫ್ ಒಂದು. ಹಳೆಯ ಹತ್ತಿ ಬನಿಯನ್ ಎರಡು ಮೂರು. ಒಂದು ಸಣ್ಣ ಕನ್ನಡಿ.

ಬಟ್ಟೆಯ ವಿಷಯ ಬಂದದ್ದರಿಂದ ಇಲ್ಲೇ ಹೇಳಿಬಿಡುತ್ತೇನೆ. ಲಿನ್ಸೀಡ್ ಎಣ್ಣೆ ಹಿಡಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯೊಳಗೆ ಸಿಕ್ಕಿಬಿದ್ದ ಬಿಸಿಯಿಂದ ಬಟ್ಟೆಗೆ ತಾನಾಗಿಯೇ ಬೆಂಕಿ ಹತ್ತಬಹುದು. ಬಿಡಿಸಿ ಹೊರಗೆ ಒಣಹಾಕಿ, ಇಲ್ಲವೇ ನೀರಲ್ಲಿ ನೆನೆಸಿಡಿ. ಟರ್ಪೆಂಟೈನ್ ವಾಸನೆ ತುಂಬಿಕೊಳ್ಳದಂತೆ ಕಿಟಕಿ ತೆಗೆದಿಡಿ. ಬ್ರಶ್ಶಿನ ತುದಿಯನ್ನು ಬಾಯಲ್ಲಿಟ್ಟು ಚೂಪು ಮಾಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಅಂಬರ್‌ನಲ್ಲಿ ಮ್ಯಾಂಗನೀಸ್ ಇರುತ್ತದೆ.

ಮಾದರಿಯನ್ನು ಸಿದ್ಧ ಮಾಡಿಕೊಳ್ಳುವುದು

ಮ್ಯೂಸಿಯಂನ ಸ್ವಂತ ವೆಬ್‌ಸೈಟಿನಲ್ಲೇ ದೊಡ್ಡ ಅಳತೆಯ ಚಿತ್ರ ಸಿಗುತ್ತದೆ. ಅದನ್ನೇ ಬಳಸಿ. ಎಲ್ಲೆಲ್ಲೋ ಸಿಗುವ ಪ್ರತಿಗಳಲ್ಲಿ ಬೆಳಕು ಏರಿಸಿ, ಬಣ್ಣ ಗಾಢ ಮಾಡಿ ಹಾಳುಗೆಡವಿರುತ್ತಾರೆ.

ಮೂಲ ಚಿತ್ರದ ಅಳತೆ 44.5 ಸೆಂ.ಮೀ. ಎತ್ತರ, 39 ಸೆಂ.ಮೀ. ಅಗಲ. ನಮ್ಮ ಬೋರ್ಡಿನಲ್ಲಿ 10 ಇಂಚು ಅಗಲ ತೆಗೆದುಕೊಂಡರೆ ಎತ್ತರ ಸುಮಾರು 11.4 ಇಂಚು ಬರುತ್ತದೆ. ಕೆಳಗೆ ಅರ್ಧ ಇಂಚಿಗಿಂತ ಸ್ವಲ್ಪ ಜಾಸ್ತಿ ಉಳಿಯುತ್ತದೆ, ಅದರ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿಬಿಡಿ. ಬೋರ್ಡಿಗೆ ಸರಿಹೊಂದಲಿ ಎಂದು ಚಿತ್ರವನ್ನು ಎಳೆದು ಉದ್ದ ಮಾಡಬೇಡಿ, ಮುಖ ಅಲ್ಲೇ ಕೆಟ್ಟಿತು. ಅಂದ ಹಾಗೆ, ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿ ಕೂತು ನಕಲು ಮಾಡುವವರಿಗೆ ಒಂದು ನಿಯಮ ಇದೆ. ಪ್ರತಿ ಮೂಲಕ್ಕಿಂತ ಐದನೇ ಒಂದು ಪಾಲಾದರೂ ದೊಡ್ಡದು ಅಥವಾ ಚಿಕ್ಕದು ಇರಬೇಕು. ನಮ್ಮದು ಅದನ್ನೂ ದಾಟಿ ಚಿಕ್ಕದೇ.

ಈಗ ಚಿತ್ರವನ್ನು ಕಪ್ಪು-ಬಿಳುಪು ಮಾಡಿಕೊಳ್ಳಿ. ಫೋನಿನಲ್ಲಿರುವ ‘ಮೋನೋ’, ‘ನಾಯರ್’ ತರಹದ ಫಿಲ್ಟರ್ ಬೇಡ. ಅವು ಕಪ್ಪನ್ನು ಇನ್ನಷ್ಟು ಕಪ್ಪು ಮಾಡಿ, ಬಿಳಿಯನ್ನು ಇನ್ನಷ್ಟು ಬಿಳಿ ಮಾಡುತ್ತವೆ. ಸಾದಾ ಗ್ರೇಸ್ಕೇಲ್ ಸಾಕು. ಅದನ್ನು 10 ಇಂಚು ಅಗಲಕ್ಕೆ ಎ3 ಹಾಳೆಯಲ್ಲಿ ಪ್ರಿಂಟ್ ಹಾಕಿಸಿ. ಹೊಳಪಿಲ್ಲದ ಕಾಗದ ಇರಲಿ. ಜೆರಾಕ್ಸ್ ಅಂಗಡಿಯ ಪ್ರಿಂಟರುಗಳಲ್ಲಿ ನೆರಳಿನ ಭಾಗವೆಲ್ಲ ಒಂದೇ ಕಪ್ಪಾಗಿ ಬರುವುದುಂಟು. ಕುತ್ತಿಗೆಯ ನೆರಳಿಗೂ ಹಿನ್ನೆಲೆಗೂ ವ್ಯತ್ಯಾಸ ಕಾಣದಿದ್ದರೆ ಸ್ವಲ್ಪ ತಿಳಿ ಮಾಡಿ ಮತ್ತೆ ಹಾಕಿಸಿ. ಪ್ರಿಂಟಿನ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಅಂಟಿಸಿ. ಅದು ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಬಣ್ಣದ ಪ್ರತಿಯನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಎರಡನ್ನೂ ಹೋಲಿಸುವುದೇ ಒಂದು ಪಾಠ. ಬಣ್ಣದಲ್ಲಿ ತುಟಿ ಕೆಂಪಗೆ ಕಣ್ಣಿಗೆ ಹೊಡೆಯುತ್ತದೆ. ಬೂದಿನಲ್ಲಿ ನೋಡಿದರೆ ಅದು ಮಧ್ಯಮ ಟೋನ್ ಅಷ್ಟೇ. ಟೋನ್ ಅಂದರೆ ಒಂದು ಜಾಗ ಎಷ್ಟು ತಿಳಿ, ಎಷ್ಟು ಗಾಢ ಎನ್ನುವ ಅಳತೆ. ತಲೆಗೆ ಸುತ್ತಿದ ಬಟ್ಟೆಯ ನೀಲಿ ಪಟ್ಟಿ ಒಂದೇ ನೀಲಿ ಅಂದುಕೊಂಡಿರುತ್ತೇವೆ. ಎಡಗಡೆ ಅದು ಮುಖದ ಬೆಳಕಿಗೆ ಹತ್ತಿರ ಬರುವಷ್ಟು ತಿಳಿ, ಬಲಗಡೆ ಕತ್ತಲೆಗೆ ಇಳಿಯುವಷ್ಟು ಗಾಢ. ಬಣ್ಣಕ್ಕೆ ಮರುಳಾದ ಕಣ್ಣು ಇದನ್ನು ನೋಡುವುದೇ ಇಲ್ಲ.

ಬ್ರಶ್ ಮುಟ್ಟುವ ಮೊದಲು

ಅರ್ಧ ಗಂಟೆ ಸುಮ್ಮನೆ ನೋಡಿ. ಕಣ್ಣನ್ನು ಅರ್ಧ ಮುಚ್ಚಿ, ರೆಪ್ಪೆಗಳ ನಡುವಿನಿಂದ ನೋಡಿ. ಸಣ್ಣ ವಿವರಗಳೆಲ್ಲ ಕರಗಿ ಮೂರೇ ತುಂಡು ಉಳಿಯುತ್ತವೆ: ಬೆಳಕಿನಲ್ಲಿರುವ ಮುಖ, ಮಧ್ಯಮದ ಅಂಗಿ ಮತ್ತು ತಲೆಬಟ್ಟೆ, ಕತ್ತಲ ಹಿನ್ನೆಲೆ. ಇದನ್ನೇ ಬೆಂಕಿಪೊಟ್ಟಣದಷ್ಟು ಚಿಕ್ಕದಾಗಿ ಪೆನ್ಸಿಲಿನಲ್ಲಿ ಮೂರು ನಾಲ್ಕು ಸಲ ಬರೆಯಿರಿ. ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆ ಕಟ್ಟಿದವರಿಗೆ ಶೇಡಿಂಗ್ ರೂಢಿ ಇರುತ್ತದೆ. ಆದರೆ ಅಲ್ಲಿ ಗೆರೆ ಮೊದಲು, ಶೇಡ್ ಆಮೇಲೆ. ಇಲ್ಲಿ ಗೆರೆಯೇ ಬೇಡ, ಬರೀ ತುಂಡುಗಳು.

ಆಮೇಲೆ ಕಣ್ಣು ಪೂರ್ತಿ ತೆರೆದು ಮೂಗನ್ನು ನೋಡಿ. ಮೂಗಿನ ದಂಡೆಗೂ ಆಚೆಕಡೆಯ, ಅಂದರೆ ನಮ್ಮ ಎಡಗಡೆಯ ಕೆನ್ನೆಗೂ ನಡುವೆ ಗೆರೆ ಎಲ್ಲಿದೆ? ಹುಡುಕಿ. ಇಲ್ಲ! ಎರಡಕ್ಕೂ ಒಂದೇ ಬೆಳಕು, ಒಂದೇ ಟೋನ್. ವರ್ಮೀರ್ ಅಲ್ಲಿ ಏನನ್ನೂ ಬರೆದಿಲ್ಲ. ಆದರೂ ಮೂಗು ಎಲ್ಲಿ ಮುಗಿಯುತ್ತದೆ ಎಂದು ನಮಗೆ ಗೊತ್ತಾಗುತ್ತದೆ. ಕಣ್ಣು, ಮೂಗಿನ ತುದಿ, ಹೊಳ್ಳೆ ಇಷ್ಟು ಕೊಟ್ಟರೆ ಉಳಿದದ್ದನ್ನು ನೋಡುವವರ ಮನಸ್ಸೇ ತುಂಬಿಕೊಳ್ಳುತ್ತದೆ. ಈ ಚಿತ್ರದಿಂದ ಒಂದೇ ವಿಷಯ ಕಲಿಯುವುದಿದ್ದರೆ ಇದನ್ನು ಕಲಿಯಿರಿ. ಎರಡು ಭಾಗಗಳ ಟೋನ್ ಒಂದೇ ಆಗಿದ್ದರೆ ನಡುವೆ ಅಂಚು ಬೇಡ. ನಮಗೆ ಅಲ್ಲೊಂದು ಮೂಗು ಇದೆ ಅಂತ ಗೊತ್ತಿರುವುದರಿಂದಲೇ ಕೈ ಗೆರೆ ಎಳೆಯಲು ಓಡುತ್ತದೆ.

ಹೀಗೆಯೇ ಉಳಿದ ಅಂಚುಗಳನ್ನೂ ಗುರುತು ಮಾಡಿಕೊಳ್ಳಿ. ಎಡಕೆನ್ನೆ ಕತ್ತಲ ಹಿನ್ನೆಲೆಗೆ ತಾಗುವ ಕಡೆ ಅಂಚು ಸ್ಪಷ್ಟ. ಬಲಗಡೆ ದವಡೆಯಿಂದ ಕುತ್ತಿಗೆಗೆ ಇಳಿಯುವ ಕಡೆ ಮೃದು. ಪ್ರಿಂಟಿನ ಪ್ಲಾಸ್ಟಿಕ್ಕಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಸ್ಪಷ್ಟ ಅಂಚಿಗೆ ಗಟ್ಟಿ ಗೆರೆ, ಮೃದು ಅಂಚಿಗೆ ಚುಕ್ಕಿ ಗೆರೆ ಹಾಕಿ. ಕಳೆದುಹೋದ ಅಂಚಿಗೆ ಏನೂ ಹಾಕಬೇಡಿ. ಬರೆಯುವಾಗ ಇದೇ ನಿಮ್ಮ ನಕ್ಷೆ.

ಐದು ಗುಡ್ಡೆ

ಪ್ಯಾಲೆಟ್ಟಿನಲ್ಲಿ ಐದು ಗುಡ್ಡೆ ಬಣ್ಣ ಕಲಸಿಟ್ಟುಕೊಳ್ಳಬೇಕು. 1 ಅತಿ ಗಾಢ: ಅಂಬರ್ ಮತ್ತು ಕಪ್ಪು ಸಮಸಮ, ಬಿಳಿ ಇಲ್ಲ. 5 ಅತಿ ತಿಳಿ: ಬಿಳಿಗೆ 1ನೇ ಗುಡ್ಡೆಯಿಂದ ಒಂದು ಚಿಟಿಕೆ. ಅಪ್ಪಟ ಬಿಳಿಯನ್ನು ಬೇರೆಯೇ ಎತ್ತಿಡಿ, ಅದಕ್ಕೆ ಕೊನೆಯ ದಿನದವರೆಗೆ ಕೆಲಸ ಇಲ್ಲ. 1 ಮತ್ತು 5ರ ನಡುವೆ ಸರಿಯಾಗಿ ಅರ್ಧದಲ್ಲಿ ನಿಲ್ಲುವ 3ನ್ನು ಮೊದಲು ಮಾಡಿ. ಆಮೇಲೆ 1 ಮತ್ತು 3ರ ನಡುವೆ 2, 3 ಮತ್ತು 5ರ ನಡುವೆ 4.

ಯಾವಾಗಲೂ ಬಿಳಿಗೆ ಗಾಢವನ್ನು ಚೂರು ಚೂರೇ ಸೇರಿಸಿ. ತಿರುಗಾಮುರುಗಾ ಮಾಡಿದರೆ ಗುಡ್ಡೆ ಬೆಟ್ಟವಾಗುತ್ತದೆ, ಅರ್ಧ ಟ್ಯೂಬ್ ಬಿಳಿ ಖಾಲಿ. ಕಲಸಲು ಬ್ರಶ್ ಬೇಡ, ನೈಫ್ ಬಳಸಿ.

ಈಗ ಪ್ಲಾಸ್ಟಿಕ್ ಹಾಳೆಯ ಉಪಯೋಗ. 3ನೇ ಗುಡ್ಡೆಯಿಂದ ಒಂದು ಬೊಟ್ಟು ತೆಗೆದು ಪ್ರಿಂಟಿನ ಮೇಲೆ, ಕುತ್ತಿಗೆಯ ನೆರಳು ತಿಳಿಯಾಗುತ್ತಾ ಬರುವ ಜಾಗದಲ್ಲಿ ಇಡಿ. ಬೊಟ್ಟು ಸುತ್ತಲಿನ ಬೂದಿನಲ್ಲಿ ಕರಗಿದಂತೆ ಕಂಡರೆ ಟೋನ್ ಸರಿ. ಎದ್ದು ಕಂಡರೆ ತಪ್ಪು. ಹೀಗೆ ಮುಖದ ಹತ್ತು ಹನ್ನೆರಡು ಕಡೆ ಪರೀಕ್ಷಿಸಿ, ಎಲ್ಲಿ ಯಾವ ನಂಬರ್ ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಬೇಸರದ ಕೆಲಸ ಅನ್ನಿಸುತ್ತದೆ. ಆದರೆ ಮುಂದಿನ ಅರ್ಧ ಗೊಂದಲ ಇಲ್ಲೇ ಕಳೆಯುತ್ತದೆ.

ಅಕ್ರಿಲಿಕ್‌ನವರಿಗೆ ಒಂದು ಮಾತು. ಆ ಬಣ್ಣ ಒಣಗಿದಾಗ ಸ್ವಲ್ಪ ಕಪ್ಪಾಗುತ್ತದೆ. ಪ್ರತಿ ಗುಡ್ಡೆಯನ್ನೂ ಬೇಕಾದದ್ದಕ್ಕಿಂತ ಕೂದಲೆಳೆಯಷ್ಟು ತಿಳಿಯಾಗಿ ಕಲಸಿ, ಒಣಗಿಸಿ ನೋಡಿ. ಮುಚ್ಚಳವಿರುವ ಸಣ್ಣ ಡಬ್ಬಿಗಳಲ್ಲಿಟ್ಟುಕೊಳ್ಳಿ.

ನೆಲಬಣ್ಣ ಮತ್ತು ರೇಖೆ

ಬೆಳ್ಳಗಿನ ಬೋರ್ಡಿನ ಮೇಲೆ ಯಾವ ಬೂದು ಹಚ್ಚಿದರೂ ಕಪ್ಪಾಗಿಯೇ ಕಾಣುತ್ತದೆ. ಆದ್ದರಿಂದ ಮೊದಲು ಆ ಬಿಳಿಯನ್ನು ಕೊಲ್ಲಬೇಕು. ಅಂಬರನ್ನು ಟರ್ಪೆಂಟೈನಿನಲ್ಲಿ ಚಹಾದಷ್ಟು ತೆಳ್ಳಗೆ ಮಾಡಿ ಬೋರ್ಡಿಗೆಲ್ಲ ಹಚ್ಚಿ, ಬನಿಯನ್ ಬಟ್ಟೆಯಿಂದ ಒರೆಸಿ. ತಿಳಿ ಕಂದು ಉಳಿದರೆ ಸಾಕು. ಒಂದೆರಡು ದಿನ ಒಣಗಲು ಬಿಡಿ. ಅವಸರ ಇದ್ದರೆ ಈ ಪದರಕ್ಕೆ ಅಕ್ರಿಲಿಕ್ ಅಂಬರ್ ಹಚ್ಚಬಹುದು. ಅಕ್ರಿಲಿಕ್ ಮೇಲೆ ಎಣ್ಣೆಬಣ್ಣ ನಿಲ್ಲುತ್ತದೆ, ಎಣ್ಣೆಬಣ್ಣದ ಮೇಲೆ ಅಕ್ರಿಲಿಕ್ ನಿಲ್ಲುವುದಿಲ್ಲ.

ರೇಖೆಗೆ ಚೌಕ ಹಾಕುವುದನ್ನು ಕೆಲವರು ಕೀಳು ಅಂತ ಭಾವಿಸುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಇಲ್ಲಿ ಕಲಿಯುತ್ತಿರುವುದು ಟೋನ್. ರೇಖೆಯಲ್ಲೇ ನಾಲ್ಕು ದಿನ ಕಳೆದರೆ ಮುಖ್ಯ ಪಾಠಕ್ಕೆ ಉತ್ಸಾಹ ಉಳಿಯುವುದಿಲ್ಲ. ಪ್ರಿಂಟಿನ ಮೇಲೆ ಮತ್ತು ಬೋರ್ಡಿನ ಮೇಲೆ 2 ಇಂಚಿನ ಚೌಕ ಹಾಕಿ. ಅಗಲಕ್ಕೆ 5, ಎತ್ತರಕ್ಕೆ 6, ಕೊನೆಯ ಸಾಲು ಸ್ವಲ್ಪ ಗಿಡ್ಡ. ಸಣ್ಣ ಬ್ರಶ್ಶಿನಲ್ಲಿ ತೆಳು ಅಂಬರ್ ತೆಗೆದುಕೊಂಡು ಹೊರ ಆಕಾರ, ಕಣ್ಣುಗಳನ್ನು ಸೇರಿಸುವ ಓರೆ, ಮೂಗಿನ ತುದಿ, ಬಾಯಿಯ ನಡುಗೆರೆ, ಮುತ್ತಿನ ಜಾಗ ಇಷ್ಟನ್ನು ಗುರುತಿಸಿ. ಮುಖ್ಯವಾಗಿ ನೆರಳಿನ ಗಡಿ ಬರೆಯಿರಿ. ಕೆನ್ನೆಯ ಮೇಲೆ ಬೆಳಕು ಎಲ್ಲಿ ನಿಂತು ನೆರಳು ಎಲ್ಲಿ ಶುರುವಾಗುತ್ತದೆ ಎನ್ನುವ ಆ ಗಡಿ ಕಣ್ಣಿನ ಆಕಾರಕ್ಕಿಂತ ಮುಖ್ಯ. ಹುಡುಗಿಯ ದೇಹ ನಮ್ಮ ಎಡಕ್ಕೆ ತಿರುಗಿದೆ, ಮುಖ ಮಾತ್ರ ಹೆಗಲ ಮೇಲಿಂದ ನಮ್ಮ ಕಡೆ ಹೊರಳಿದೆ. ಕುತ್ತಿಗೆಯ ಓರೆ ತಪ್ಪಿದರೆ ಈ ಹೊರಳುವಿಕೆಯೇ ಹೋಗುತ್ತದೆ.

ಮುಗಿದ ಮೇಲೆ ಪ್ರಿಂಟನ್ನೂ ಬೋರ್ಡನ್ನೂ ತಲೆಕೆಳಗೆ ಮಾಡಿ ಹೋಲಿಸಿ. ತಪ್ಪು ತಾನಾಗಿ ಕಾಣುತ್ತದೆ.

ಮೊದಲ ಪದರ: ಬಿಳಿ ಇಲ್ಲದೆ

ಈ ಪದರದಲ್ಲಿ ಬಿಳಿಬಣ್ಣ ಮುಟ್ಟುವಂತಿಲ್ಲ. ಅಂಬರ್, ಚೂರು ಕಪ್ಪು, ಟರ್ಪೆಂಟೈನ್ ಮಾತ್ರ. ದೊಡ್ಡ ಚಪ್ಪಟೆ ಬ್ರಶ್ ತೆಗೆದುಕೊಂಡು ಹಿನ್ನೆಲೆ, ಕುತ್ತಿಗೆಯ ನೆರಳು, ತಲೆಬಟ್ಟೆಯ ಬಲಭಾಗ, ಅಂಗಿಯ ಮಡಿಕೆಗಳು ಎಲ್ಲವನ್ನೂ ತೆಳ್ಳಗೆ ತುಂಬಿ. ಬೆಳಕಿನ ಜಾಗಕ್ಕೆ ಬಣ್ಣ ಹೋದರೆ ಚಿಂತೆ ಇಲ್ಲ. ಬಟ್ಟೆಯನ್ನು ಬೆರಳಿಗೆ ಸುತ್ತಿ ಒರೆಸಿದರೆ ಅಡಿಯ ತಿಳಿ ಕಂದು ಮತ್ತೆ ಬರುತ್ತದೆ. ಹಣೆ, ಮೂಗು, ಎಡಕೆನ್ನೆ, ಕಾಲರ್ ಎಲ್ಲವನ್ನೂ ಹೀಗೆ ಒರೆಸಿಯೇ ತೆಗೆಯಿರಿ.

ಕಣ್ಣು ಬರೆಯಬೇಡಿ. ಕಣ್ಣಿನ ಗುಳಿಯ ನೆರಳು ಸಾಕು. ಕೈ ತಡೆಯುವುದು ಕಷ್ಟ, ಗೊತ್ತು. ಆರು ಅಡಿ ದೂರ ನಿಂತು ನೋಡಿದಾಗ, ಕಣ್ಣು ಬಾಯಿ ಏನೂ ಇಲ್ಲದೆಯೂ ‘ಅದೇ ಹುಡುಗಿ’ ಅನ್ನಿಸಬೇಕು. ಅನ್ನಿಸದಿದ್ದರೆ ಮುಂದೆ ಹೋಗಬೇಡಿ. ಮೇಲಿನ ಪದರದಲ್ಲಿ ಇದನ್ನು ಸರಿಪಡಿಸುತ್ತೇನೆ ಎಂದುಕೊಂಡರೆ ಆಗುವುದಿಲ್ಲ. ಇಲ್ಲಿ ಸರಿಪಡಿಸಲು ಒಂದು ಬಟ್ಟೆ ಸಾಕು.

ಅಂಬರ್ ಬೇಗ ಒಣಗುವ ಬಣ್ಣ. ಬೇಸಿಗೆಯಲ್ಲಿ ಒಂದೆರಡು ದಿನ ಸಾಕು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಇನ್ನಷ್ಟು ದಿನ ಕೊಡಿ. ಬೆರಳಿಗೆ ಅಂಟದಿದ್ದಾಗ ಮುಂದಿನ ಪದರ.

ಎರಡನೇ ಪದರ: ಹಿಂದಿನಿಂದ ಮುಂದಕ್ಕೆ

ವರ್ಮೀರನ ಕ್ರಮವನ್ನೇ ಹಿಡಿಯೋಣ. ಮ್ಯೂಸಿಯಂನ ಪರೀಕ್ಷೆಯ ಪ್ರಕಾರ ಅವನು ಹಿನ್ನೆಲೆಯಿಂದ ಶುರು ಮಾಡಿ ಮುಂದಕ್ಕೆ ಬಂದಿದ್ದಾನೆ. ಹಿನ್ನೆಲೆ ಆದ ಮೇಲೆ ಮುಖ, ಆಮೇಲೆ ಅಂಗಿ, ಬಿಳಿ ಕಾಲರ್, ತಲೆಬಟ್ಟೆ, ಮುತ್ತು. ಈಗ ಬರೀ ಕಪ್ಪಾಗಿ ಕಾಣುವ ಆ ಹಿನ್ನೆಲೆ ಮೊದಲು ಹಸಿರು ಪರದೆಯಾಗಿತ್ತು. ಕಾಲ ಕಳೆದಂತೆ ಬಣ್ಣ ಕೆಟ್ಟು ಮಡಿಕೆಗಳೆಲ್ಲ ಮಾಯವಾಗಿವೆ. ನಾವು ಈಗ ಕಾಣುವುದನ್ನೇ ಬರೆಯೋಣ.

ಗುಡ್ಡೆಗಳಿಗೆ ಒಂದೆರಡು ಹನಿ ಲಿನ್ಸೀಡ್ ಎಣ್ಣೆ ಸೇರಿಸಿ. ಅಡಿಯ ಪದರದಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಜಾಸ್ತಿ ಇರಬೇಕು. ಇದು ಉಲ್ಟಾ ಆದರೆ ಮೇಲಿನ ಪದರ ಮೊದಲು ಒಣಗಿ, ಅಡಿಯದು ಆಮೇಲೆ ಕದಲಿ, ಬಿರುಕು ಬಿಡುತ್ತದೆ.

ಹಿನ್ನೆಲೆಗೆ 1. ಅದನ್ನು ಮುಖದ ಅಂಚಿನ ಒಳಗೆ ಕೂದಲಿನಷ್ಟು ನುಗ್ಗಿಸಿ, ಮುಖದ ಬಣ್ಣವನ್ನು ಆಮೇಲೆ ಹೊರಕ್ಕೆ ತನ್ನಿ. ಆಗ ಅಂಚಿನಲ್ಲಿ ಖಾಲಿ ಸಂದು ಉಳಿಯುವುದಿಲ್ಲ.

ಮುಖದಲ್ಲಿ ನೆರಳಿನಿಂದ ಶುರು ಮಾಡಿ. ಕುತ್ತಿಗೆ ಮತ್ತು ದವಡೆಯ ಕೆಳಗೆ 2, ಅದರ ಪಕ್ಕ 3, ಕೆನ್ನೆಯ ಬೆಳಕಿಗೆ 4, ಹಣೆ ಮತ್ತು ಮೂಗಿನ ದಂಡೆಗೆ 5. ಚೀಟಿ ನೋಡಿ ತುಂಡು ತುಂಡಾಗಿ ಇಡುತ್ತಾ ಹೋಗಿ. ಒಂದು ತುಂಡಿನ ಪಕ್ಕ ಇನ್ನೊಂದು. ತಿಕ್ಕಬೇಡಿ, ಬೆರೆಸಬೇಡಿ. ಎಲ್ಲ ತುಂಡು ಕೂತ ಮೇಲೆ, ಮೃದು ಅಂಚಿನ ಕಡೆ ಮಾತ್ರ ಒಣ ಬ್ರಶ್ಶನ್ನು ಹಗುರವಾಗಿ ಆಡಿಸಿ. ಎರಡು ಸಲ ಆಡಿಸಿ, ಬ್ರಶ್ ಒರೆಸಿ, ಮತ್ತೆ. ಬೆರೆಸುವ ಚಟ ಹತ್ತಿದರೆ ಇಡೀ ಮುಖ ನುಣ್ಣಗಾಗಿ ಮೇಣದ ಗೊಂಬೆಯಾಗುತ್ತದೆ.

ಮೂಗಿನ ಜಾಗ ಬಂದಾಗ ನಿಮ್ಮ ನಕ್ಷೆ ನೋಡಿ. ಅಲ್ಲಿ ಗೆರೆ ಹಾಕಿರಲಿಲ್ಲ ತಾನೇ? ದಂಡೆಯಿಂದ ಎಡಕೆನ್ನೆಗೆ ಒಂದೇ ಟೋನನ್ನು ಒಂದೇ ಎಳೆತದಲ್ಲಿ ತನ್ನಿ. ಹೊಳ್ಳೆಗೆ ಮತ್ತು ಮೂಗಿನ ಕೆಳಗಿನ ನೆರಳಿಗೆ ಮಾತ್ರ ಗಾಢ. ಈಗ ಹತ್ತಿರದಿಂದ ನೋಡಿದರೆ ಮೂಗೇ ಇಲ್ಲ ಅನ್ನಿಸುತ್ತದೆ, ಹೆದರಬೇಡಿ. ಹಿಂದೆ ಸರಿದು ನೋಡಿ.

ತಲೆಬಟ್ಟೆ, ಅಂಗಿಗಳಲ್ಲಿ ಸಮಯ ಕಳೆಯಬೇಕಿಲ್ಲ. ಅಂಗಿಗೆ 2 ಮತ್ತು 3, ತಲೆಯಿಂದ ಹಿಂದಕ್ಕೆ ಇಳಿಬಿದ್ದ ಬಟ್ಟೆಗೆ 3 ಮತ್ತು 4. ದೊಡ್ಡ ಬ್ರಶ್, ಕಡಿಮೆ ಎಳೆತ. ಮುಖದಷ್ಟೇ ವಿವರ ಇಲ್ಲೂ ಕೊಟ್ಟರೆ ಕಣ್ಣು ಎಲ್ಲಿ ನಿಲ್ಲಬೇಕು ಎಂದು ಗೊತ್ತಾಗದೆ ಅಲೆಯುತ್ತದೆ.

ಕಣ್ಣು, ತುಟಿ, ಮುತ್ತು

ಇದು ಕೊನೆಯ ದಿನದ ಕೆಲಸ. ಕಣ್ಣಿನ ಬಿಳಿ ಬಿಳಿಯಲ್ಲ. ಅದು ರೆಪ್ಪೆಯ ನೆರಳಿನಲ್ಲಿರುವ ಗುಂಡು. ಬೆಳಕಿಗೆ ಹತ್ತಿರದ ಭಾಗಕ್ಕೆ 4, ಉಳಿದದ್ದಕ್ಕೆ 3. ಅಪ್ಪಟ ಬಿಳಿ ಹಚ್ಚಿದರೆ ಹುಡುಗಿ ಬೆಚ್ಚಿಬಿದ್ದಂತೆ ಕಾಣುತ್ತಾಳೆ. ಪಾಪೆ 1. ಮೇಲು ರೆಪ್ಪೆಯ ಗೆರೆ ಕೆಳಗಿನದಕ್ಕಿಂತ ಗಾಢ. ರೆಪ್ಪೆಕೂದಲು ಎಣಿಸಿ ಬರೆಯುವುದು ಬೇಡ. ಈ ಹುಡುಗಿಗೆ ರೆಪ್ಪೆಕೂದಲೇ ಇಲ್ಲ ಎಂದು ಬಹಳ ಕಾಲ ಅಂದುಕೊಂಡಿದ್ದರು. ಸೂಕ್ಷ್ಮವಾದ ಕೂದಲು ಇದ್ದದ್ದು ಆ 2018ರ ಪರೀಕ್ಷೆಯಲ್ಲೇ ಗೊತ್ತಾಯಿತು.

ತುಟಿಗಳಿಗೆ ಹೊರಗೆರೆ ಎಳೆಯಬೇಡಿ. ಬಾಯಿ ಚೂರು ತೆರೆದಿದೆ. ಎರಡು ತುಟಿಗಳ ನಡುವಿನ ಕತ್ತಲನ್ನು ಮೊದಲು ಇಡಿ, ಮೇಲಿನ ತುಟಿ ಗಾಢ, ಕೆಳಗಿನದು ತಿಳಿ. ತುಟಿಯ ಅಂಚು ಚರ್ಮಕ್ಕೆ ಮೆಲ್ಲಗೆ ಸೇರಲಿ. ಕೆಳತುಟಿಯ ಒದ್ದೆ ಹೊಳಪಿಗೆ ಅಪ್ಪಟ ಬಿಳಿಯ ಚುಕ್ಕೆ, ಬಾಯಿಯ ಮೂಲೆಯಲ್ಲಿ ಇನ್ನೊಂದು ಪುಟ್ಟ ಚುಕ್ಕೆ.

ಇನ್ನು ಮುತ್ತು. ಎಲ್ಲರೂ ಇದನ್ನು ಗುಂಡಗೆ ವೃತ್ತ ಎಳೆದು ಬರೆಯಲು ಹೋಗುತ್ತಾರೆ. ಮೂಲದಲ್ಲಿ ವೃತ್ತವೇ ಇಲ್ಲ, ಕಿವಿಗೆ ಸಿಕ್ಕಿಸುವ ಕೊಂಡಿಯೂ ಇಲ್ಲ. ಕುತ್ತಿಗೆಯ ನೆರಳಿನ ಮೇಲೆ ಮೇಲ್ಗಡೆ ಎಡಕ್ಕೆ ದಪ್ಪ ಬಿಳಿಯ ಒಂದು ಹೊಡೆತ, ಕೆಳಗೆ ಕಾಲರಿನ ಬೆಳಕು ಪ್ರತಿಫಲಿಸುವ ಮಂಕಾದ ಇನ್ನೊಂದು ಎಳೆತ. ಅಷ್ಟೇ. ನೀವೂ ಹಾಗೇ ಮಾಡಿ. ಮೊದಲು 3ರಲ್ಲಿ ಕೆಳಗಿನ ಬಾಗಿದ ಎಳೆತ, ಅಂಚು ಕರಗಲಿ. ಆಮೇಲೆ ಬ್ರಶ್ ತುದಿಗೆ ಜಾಸ್ತಿ ಬಿಳಿ ತೆಗೆದುಕೊಂಡು ಒಂದೇ ಸಲ ಇಟ್ಟು ಕೈ ಎತ್ತಿ. ತಿದ್ದಲು ಹೋಗಬೇಡಿ. ಸರಿಯಾಗದಿದ್ದರೆ ಒರೆಸಿ, ಮತ್ತೆ ಒಂದೇ ಸಲ ಇಡಿ.

ಕೊನೆಗೆ ಎರಡೂ ಕಣ್ಣುಗಳಿಗೆ, ಎಡಕ್ಕೆ ಮೇಲ್ಗಡೆ, ಬೆಳಕಿನ ಚುಕ್ಕೆ. ಎತ್ತಿಟ್ಟ ಬಿಳಿಯ ಕೆಲಸ ಇಲ್ಲಿಗೆ ಮುಗಿಯಿತು. ಇನ್ನೆಲ್ಲಾದರೂ ಹಚ್ಚಬೇಕು ಅನ್ನಿಸಿದರೆ ಬ್ರಶ್ ತೊಳೆದುಬಿಡಿ.

ಎಡವಟ್ಟು ಹುಡುಕುವುದು

ಚಿತ್ರದ ಫೋಟೋ ತೆಗೆದು ಗ್ರೇಸ್ಕೇಲ್ ಮಾಡಿ, ಮೂಲದ ಪಕ್ಕ ಇಟ್ಟು ನೋಡಿ. ಕನ್ನಡಿಯಲ್ಲೂ ನೋಡಿ. ಮುಖ ಮಂಕಾಗಿದ್ದರೆ ಬಿಳಿ ಸೇರಿಸುವ ಮೊದಲು ಹಿನ್ನೆಲೆ ಸಾಕಷ್ಟು ಕಪ್ಪಾಗಿದೆಯೇ ನೋಡಿ. ಬಹಳಷ್ಟು ಸಲ ತಪ್ಪು ಅಲ್ಲೇ ಇರುತ್ತದೆ. ಮುಖ ಕೊಳೆಯಾದಂತೆ ಕಂಡರೆ ಬೆಳಕಿನ ಭಾಗದೊಳಗೆ 3 ನುಸುಳಿದೆ ಎಂದರ್ಥ. ಬೆಳಕಿನ ಭಾಗದ ಅತಿ ಗಾಢ ಟೋನ್ ಕೂಡ ನೆರಳಿನ ಭಾಗದ ಅತಿ ತಿಳಿ ಟೋನಿಗಿಂತ ತಿಳಿಯಾಗಿರಬೇಕು. ಹೋಲಿಕೆ ಬಂದಿಲ್ಲ ಅನ್ನಿಸಿದರೆ ಕಣ್ಣು ತಿದ್ದಲು ಹೋಗಬೇಡಿ, ನೆರಳಿನ ಗಡಿ ಸರಿಯೇ ಎಂದು ಚೌಕದ ಲೆಕ್ಕದಲ್ಲಿ ಮತ್ತೆ ಅಳೆಯಿರಿ.

ಒಣಗಿದ ಮೇಲೆ

ಧೂಳು ಬೀಳದ, ಗಾಳಿ ಆಡುವ ಜಾಗದಲ್ಲಿಡಿ. ಕತ್ತಲ ಕಪಾಟಿನಲ್ಲಿಟ್ಟರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ವಾರ್ನಿಶ್‌ಗೆ ಆರು ತಿಂಗಳು ಕಾಯಿರಿ. ಬೋರ್ಡಿನ ಹಿಂದೆ ‘ವರ್ಮೀರನ ಚಿತ್ರ ನೋಡಿ ಬರೆದದ್ದು’ ಎಂದು ನಿಮ್ಮ ಹೆಸರು, ಇಸವಿ ಸಮೇತ ಬರೆದಿಡಿ.

ಮುಂದಿನ ಅಭ್ಯಾಸಕ್ಕೆ ಬೇರೆ ಬೆಳಕು ಬೇಕೆಂದರೆ ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಿ, ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ಪೆನ್ಸಿಲ್ ಹಿಡಿದು ನಿಲ್ಲಿ. ಅದನ್ನು ರವಿವರ್ಮನದು ಎಂದು ತಿಳಿದವರೇ ಜಾಸ್ತಿ, ಆದರೆ ಬರೆದವರು ಎಸ್.ಎಲ್. ಹಳದಣಕರ್. ಅದು ಎಣ್ಣೆಬಣ್ಣವೂ ಅಲ್ಲ, ಜಲವರ್ಣ. ಅಲ್ಲಿ ಬೆಳಕು ಕೈಯಲ್ಲಿರುವ ದೀಪದಿಂದ ಮುಖಕ್ಕೆ ಏರುತ್ತದೆ, ನೆರಳಿನ ಗಡಿಗಳೆಲ್ಲ ಜಾಗ ಬದಲಿಸುತ್ತವೆ. ಅದನ್ನೂ ಬೆಂಕಿಪೊಟ್ಟಣದ ಅಳತೆಯಲ್ಲಿ ಮೂರೇ ಟೋನಿನಲ್ಲಿ ಬರೆದುಕೊಂಡು ಬನ್ನಿ.

ಅದಾದ ಮೇಲೆ ಮನೆಯವರನ್ನೇ ಕೂರಿಸಬಹುದು. ಕಿಟಕಿ ಅವರ ಒಂದು ಪಕ್ಕಕ್ಕಿರಲಿ, ಕೋಣೆಯ ಲೈಟ್ ಆರಿಸಿ, ಹಿಂದೆ ಗಾಢ ಬಣ್ಣದ ಹೊದಿಕೆ ಇಳಿಬಿಡಿ. ಫೋಟೋ ತೆಗೆದುಕೊಂಡು, ಇದೇ ಐದು ಗುಡ್ಡೆಗಳಲ್ಲಿ ಶುರು ಮಾಡಿ. ನಮ್ಮ ಕಡೆಯ ಕಂದು ಮೈಬಣ್ಣಕ್ಕೆ ಬೆಳಕಿನ ಭಾಗ 3 ಮತ್ತು 4ರಲ್ಲಿ ನಿಲ್ಲುತ್ತದೆ, 5 ಬರೀ ಹೊಳಪಿಗೆ. ಹಾಗಾಗಿ ನಂಬರುಗಳನ್ನು ಈ ಹುಡುಗಿಯ ಚೀಟಿಯಿಂದ ಎತ್ತಿಕೊಳ್ಳಬೇಡಿ, ಪ್ಲಾಸ್ಟಿಕ್ ಹಾಳೆಯ ಮೇಲೆ ಹೊಸದಾಗಿ ಬೊಟ್ಟು ಇಟ್ಟು ನೋಡಿ.